ಒಂದು ಹಳೆ ಅಂಗಿಯಲ್ಲಿ ಎಷ್ಟು ಕೌದಿ ಇದೆ?

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮೂರು ಅಂಗಿ, ಒಂದು ಹಾಸಿಗೆ ಚಾದರ, ಒಂದು ಪರದೆ ಇಟ್ಟಿದ್ದೇನೆ. ಎಲ್ಲವೂ ಸೆಕೆಂಡ್‌ಹ್ಯಾಂಡ್ ಬಟ್ಟೆ ಅಂಗಡಿಯಿಂದ ಬಂದವು. ಇವುಗಳಲ್ಲಿ ಎರಡನ್ನು ನಾನು ಕೌದಿಗೆ ಬಳಸುವುದಿಲ್ಲ. ಯಾವ ಎರಡು, ಏಕೆ ಎಂಬುದು ಮಾತು ಮುಗಿಯುವ ಮೊದಲೇ ನಿಮಗೇ ಗೊತ್ತಾಗುತ್ತದೆ. ಮಾತಿನ ನಡುವೆ ಯಾರು ಬೇಕಾದರೂ ಎದ್ದು ಬಂದು ಇವನ್ನು ಮುಟ್ಟಿ ನೋಡಬಹುದು. ನೋಡಲೇಬೇಕು ಎಂದರೂ ಸರಿ. ಬಟ್ಟೆಯ ವಿಷಯವನ್ನು ಕೇಳಿ ಕಲಿಯುವುದಕ್ಕಿಂತ ಬೆರಳಿನಿಂದ ಕಲಿಯುವುದೇ ಹೆಚ್ಚು.

ಹಳೆ ಬಟ್ಟೆ ಅಂಗಡಿಗೆ ಹೋದಾಗ ನಮ್ಮನ್ನು ಮೊದಲು ಎಳೆಯುವುದು ಬಣ್ಣ, ಆಮೇಲೆ ಹೂವಿನ ಚಿತ್ತಾರ. ಕೈ ಹೋಗುವುದು ಕೊನೆಗೆ. ನಾನು ಕೇಳಿಕೊಳ್ಳುವುದು ಇಷ್ಟೇ: ಈ ಕ್ರಮವನ್ನು ತಿರುಗಿಸಿ. ಕೈ ಮೊದಲು ಹೋಗಲಿ. ಸಾಲಾಗಿ ನೇತುಹಾಕಿದ ಬಟ್ಟೆಗಳ ಮೇಲೆ ಬೆರಳಾಡಿಸುತ್ತಾ ನಡೆಯಿರಿ. ಕೈಗೆ ಒಪ್ಪಿದ್ದನ್ನು ಮಾತ್ರ ಹೊರಗೆಳೆದು ಆಮೇಲೆ ಬಣ್ಣ ನೋಡಿ. ಹೀಗೆ ಮಾಡಿದರೆ ಮನೆಗೆ ಬರುವ ಬಟ್ಟೆ ಕಡಿಮೆಯಾಗುತ್ತದೆ, ಬಂದದ್ದರಲ್ಲಿ ಕೌದಿ ಸೇರುವುದು ಜಾಸ್ತಿಯಾಗುತ್ತದೆ.

ಇದಕ್ಕೆ ಕಾರಣವಿದೆ. ಅಂಗಡಿಯ ಹೊಸ ಬಟ್ಟೆಗೆ ಗಂಜಿಯೋ ಬೇರೇನೋ ಲೇಪವೋ ಇರುತ್ತದೆ. ತೆಳ್ಳಗಿನ ನೇಯ್ಗೆಯೂ ಅದರಿಂದ ಗಟ್ಟಿಯಾಗಿ, ಹೊಳಪಾಗಿ ಕಾಣುತ್ತದೆ. ಮೊದಲ ತೊಳೆತದಲ್ಲಿ ಆ ಲೇಪ ಹೋಗುತ್ತದೆ. ಹೊಸ ಹತ್ತಿಬಟ್ಟೆ ಮೊದಮೊದಲ ತೊಳೆತಗಳಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದೂ ಸಾಮಾನ್ಯ. ಯಾರೋ ವರ್ಷಗಟ್ಟಲೆ ತೊಟ್ಟು ಒಗೆದ ಅಂಗಿಯಲ್ಲಿ ಈ ಎರಡೂ ಮುಗಿದ ಕಥೆ. ಕುಗ್ಗುವಷ್ಟು ಕುಗ್ಗಿದೆ, ಬಿಡುವಷ್ಟು ಬಣ್ಣವನ್ನು ಬಹುಮಟ್ಟಿಗೆ ಬಿಟ್ಟಿದೆ, ಲೇಪವಂತೂ ಎಂದೋ ಹೋಗಿದೆ. ಈಗ ಕೈಗೆ ಸಿಗುವುದು ನೂಲು ಮತ್ತು ನೇಯ್ಗೆ, ಬೇರೇನೂ ಇಲ್ಲ. ಉಟ್ಟ ಬಟ್ಟೆ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇದನ್ನೇ: ಹೊಸ ಬಟ್ಟೆ ಮುಂದೆ ಹೇಗಾದೀತು ಎಂದು ನೀವು ಊಹಿಸಬೇಕು, ಹಳೆಯದು ಹೇಗಾಗಿದೆ ಎಂದು ಕಣ್ಣೆದುರೇ ತೋರಿಸುತ್ತದೆ.

ಆದರೆ ತೋರಿಸಿದ್ದನ್ನು ಓದಲು ಬರಬೇಕು. ಕೌದಿಯ ಆಯಸ್ಸನ್ನು ನಿರ್ಧರಿಸುವುದು ಅದರ ಅತ್ಯಂತ ದುರ್ಬಲ ತುಂಡು. ಇನ್ನೂರು ತುಂಡು ಗಟ್ಟಿಯಾಗಿದ್ದು ಎರಡು ಪಿಸುಕಲಾಗಿದ್ದರೆ, ನಾಲ್ಕಾರು ತೊಳೆತಕ್ಕೆ ಆ ಎರಡರಿಂದ ಒಳಗಿನ ಹತ್ತಿ ಇಣುಕುತ್ತದೆ. ಸುತ್ತಲಿನ ಹೊಲಿಗೆ ಸಡಿಲಾಗುತ್ತದೆ, ತೇಪೆ ಹಾಕೋಣವೆಂದರೆ ಪಕ್ಕದ ತುಂಡಿನವರೆಗೂ ಸೂಜಿ ಹೋಗಬೇಕಾಗುತ್ತದೆ. ಆದ್ದರಿಂದ ಆಯ್ಕೆ ಎನ್ನುವಾಗ ನಾನು ಹೇಳುತ್ತಿರುವುದು ಮುಖ್ಯವಾಗಿ ಬೇಡ ಎನ್ನುವುದರ ಬಗ್ಗೆ.

ಈ ತಿಳಿನೀಲಿ ಪಟ್ಟೆಯ ಅಂಗಿ ನೋಡಿ. ದೂರಕ್ಕೆ ಹೊಚ್ಚ ಹೊಸದರಂತಿದೆ. ಈಗ ದೀಪದ ಎದುರು ಹಿಡಿಯುತ್ತೇನೆ. ಬೆನ್ನಿನ ಭಾಗ ಒಂದೇ ಸಮನಾಗಿ ಬೆಳಕನ್ನು ತಡೆಯುತ್ತಿದೆ. ಮೊಣಕೈ ಹತ್ತಿರ ಬಂದೆ. ಅಲ್ಲಿ ಅಂಗೈಯಗಲ ಜಾಗದಲ್ಲಿ ಬೆಳಕು ಧಾರಾಳವಾಗಿ ಬರುತ್ತಿದೆ, ಹಿಂದಿನ ಸಾಲಿನವರಿಗೂ ಕಾಣುತ್ತಿರಬೇಕು. ಕಾಲರ್ ಮಡಿಕೆಯ ಮೇಲೆ ಎಳೆಗಳು ಬಿಳಿಬಿಳಿ ನವಿರೆದ್ದಿವೆ. ಬಗಲಲ್ಲಿ ಬಣ್ಣ ಹಳದಿಗೆ ತಿರುಗಿದೆ, ಬೆವರು ಕೂತ ಬಟ್ಟೆ ಮುಟ್ಟಿದರೆ ಒರಟಾಗಿರುತ್ತದೆ. ಸವೆತ ಹೀಗೆ ಗೊತ್ತಾದ ಜಾಗಗಳಲ್ಲೇ ಇರುತ್ತದೆ: ಅಂಗಿಗೆ ಕಾಲರ್, ಕಫ್, ಮೊಣಕೈ, ಬಗಲು. ಪ್ಯಾಂಟಿಗೆ ಮೊಣಕಾಲು, ತೊಡೆಯ ಒಳಭಾಗ, ಕೂರುವ ಜಾಗ. ಚಾದರಕ್ಕೆ ನಟ್ಟನಡುವೆ, ಮಲಗುವವರ ಭುಜ ಮತ್ತು ಸೊಂಟ ಉಜ್ಜುವ ಕಡೆ. ಅಂಚಿನ ಒಂದೊಂದು ಮೊಳ ಹೊಸದರಂತೆಯೇ ಉಳಿದಿರುತ್ತದೆ. ಪರದೆಗೆ ಬಿಸಿಲು ಬೀಳುವ ಮಡಿಕೆಗಳ ಉಬ್ಬಿನಲ್ಲಿ, ಉದ್ದುದ್ದ ಪಟ್ಟಿಯಾಗಿ. ಇದು ತಲೆಯಲ್ಲಿದ್ದರೆ ಅಂಗಡಿಯಲ್ಲಿ ಇಡೀ ಬಟ್ಟೆಯನ್ನು ಜಾಲಾಡಬೇಕಿಲ್ಲ, ನೇರ ಆ ಜಾಗಕ್ಕೇ ಕೈ ಹಾಕಬಹುದು.

ಬೆಳಕಿನ ನಂತರ ಎಳೆತ. ಎರಡು ಹೆಬ್ಬೆರಳನ್ನು ಅಕ್ಕಪಕ್ಕ ಒತ್ತಿ, ಬಟ್ಟೆಯನ್ನು ಹಾಸಿನ, ಅಂದರೆ ಉದ್ದ ಎಳೆಗಳ ದಿಕ್ಕಿಗೊಮ್ಮೆ, ಹೊಕ್ಕಿನ, ಅಂದರೆ ಅಡ್ಡ ಎಳೆಗಳ ದಿಕ್ಕಿಗೊಮ್ಮೆ ಎಳೆಯಿರಿ. ಅಂಗಡಿಯವರ ಬಟ್ಟೆಯನ್ನು ಹರಿಯಬೇಡಿ, ಹದವಾಗಿ ಎಳೆದರೆ ಸಾಕು. ಗಟ್ಟಿ ಬಟ್ಟೆ ಮರಳಿ ತನ್ನ ಜಾಗಕ್ಕೆ ಬರುತ್ತದೆ. ಜೀವ ಹೋದ ಬಟ್ಟೆಯಿಂದ ಪಟಪಟ ಎಂದು ಸಣ್ಣ ಸದ್ದು ಬರುತ್ತದೆ. ಎಳೆಗಳು ಒಂದೊಂದಾಗಿ ಕಡಿಯುವ ಸದ್ದು ಅದು, ಒಮ್ಮೆ ಕೇಳಿದರೆ ಮತ್ತೆ ಮರೆಯುವುದಿಲ್ಲ. ಈ ಪರದೆಯನ್ನು ಎಳೆಯುತ್ತೇನೆ, ಸುಮ್ಮನಿದ್ದು ಕೇಳಿ. ಕೇಳಿಸಿತಲ್ಲ? ಚಿತ್ತಾರ ಎಷ್ಟು ಚೆಂದವಿದೆ ನೋಡಿ, ಆದರೂ ಇದು ಕೌದಿಗೆ ಬರುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಹತ್ತಿಯ ನಾರನ್ನೇ ಕಡಿದುಹಾಕಿದೆ. ಪರದೆ ಕೊಳ್ಳುವುದಾದರೆ ಹಿಂದೆ ಅಸ್ತರು ಇರುವುದನ್ನು ಹುಡುಕಿ. ಬಿಸಿಲನ್ನು ಅಸ್ತರು ತಿಂದಿರುತ್ತದೆ, ಮುಂದಿನ ಬಟ್ಟೆ ಉಳಿದಿರುತ್ತದೆ.

ಇನ್ನು ನೂಲು ಯಾವುದು ಎಂಬ ಪ್ರಶ್ನೆ. ಒಳಗೆ ಲೇಬಲ್ ಇದ್ದರೆ ಸುಲಭ. ಎಷ್ಟೋ ಬಟ್ಟೆಗಳಲ್ಲಿ ಅದು ಕತ್ತರಿಸಿ ಹೋಗಿರುತ್ತದೆ, ಚಾದರ ಮೇಜುಹಾಸುಗಳಲ್ಲಿ ಇರುವುದೇ ಇಲ್ಲ. ಮನೆಗೆ ತಂದ ಮೇಲೆ ಒಳಮಡಿಕೆಯಿಂದ ಒಂದೆರಡು ಅಂಗುಲದ ಚೂರು ಕತ್ತರಿಸಿ ಸುಟ್ಟು ನೋಡಿ. ಲೋಹದ ತಟ್ಟೆಯ ಮೇಲೆ, ಚಿಮಟದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು, ಕಿಟಕಿ ತೆರೆದು ಮಾಡಬೇಕು. ಹತ್ತಿ ಕಾಗದದಂತೆ ಉರಿಯುತ್ತದೆ, ವಾಸನೆಯೂ ಕಾಗದದ್ದೇ, ಉಳಿಯುವುದು ಮುಟ್ಟಿದರೆ ಉದುರುವ ಬೂದಿ. ಲಿನನ್ ಮತ್ತು ರೇಯಾನ್ ಕೂಡ ಹೀಗೆಯೇ ಉರಿಯುತ್ತವೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಬೆಂಕಿಯಿಂದ ತೆಗೆದರೆ ಬಹುಬೇಗ ಆರುತ್ತವೆ, ಉಳಿದ ಕರಿಯನ್ನು ಬೆರಳಲ್ಲಿ ಪುಡಿ ಮಾಡಬಹುದು. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ತಣಿದ ಮೇಲೆ ಉಗುರಿಗೂ ಒಡೆಯದ ಗಟ್ಟಿ ಮಣಿಯಾಗುತ್ತದೆ. ಮಿಶ್ರ ನೂಲಾದರೆ ಉರಿಯುವುದೂ ಉಂಟು, ಅಂಚಿನಲ್ಲಿ ಮಣಿ ಕಟ್ಟುವುದೂ ಉಂಟು.

ರೇಯಾನ್ ಬಗ್ಗೆ ಎಚ್ಚರ ಬೇಕು. ಕೈಗೆ ಹತ್ತಿಗಿಂತ ಮೆತ್ತಗೆ, ಜೋಲುವ ಗುಣ ಮನಸ್ಸಿಗೆ ಹಿಡಿಸುತ್ತದೆ. ಆದರೆ ಹತ್ತಿ ನೆನೆದಾಗ ಇನ್ನಷ್ಟು ಗಟ್ಟಿಯಾದರೆ, ರೇಯಾನ್ ನೆನೆದಾಗ ಬಲ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಅರ್ಧದಷ್ಟು. ನೀರು ಕುಡಿದ ಕೌದಿಯ ಭಾರ ನಿಮಗೆ ಗೊತ್ತು. ಒಗೆಯುವಾಗ ಆ ಭಾರವನ್ನೆಲ್ಲ ಹೊರಬೇಕಾದ ಹೊತ್ತಿಗೇ ಆ ತುಂಡು ಸೋತಿರುತ್ತದೆ. ಹತ್ತಿಯೋ ರೇಯಾನೋ ಎಂಬ ಅನುಮಾನ ಬಂದರೆ ಒಂದು ಎಳೆ ಬಿಚ್ಚಿ, ನಡುವೆ ನೀರು ತಾಕಿಸಿ ಎಳೆಯಿರಿ. ರೇಯಾನ್ ಆದರೆ ಒದ್ದೆಯಾದ ಜಾಗದಲ್ಲೇ ತುಂಡಾಗುತ್ತದೆ.

ಪಾಲಿಯೆಸ್ಟರ್ ಕಂಡರೆ ಮುಖ ತಿರುಗಿಸುವವರು ಬಹಳ. ನಾನು ಅಷ್ಟು ಕಠಿಣವಾಗಲಾರೆ. 1941ರಲ್ಲಿ ಬ್ರಿಟನ್ನಿನಲ್ಲಿ ಕಂಡುಹಿಡಿದ ಈ ನೂಲು 1950ರ ದಶಕದಲ್ಲಿ ಪೇಟೆಗೆ ಬಂತು, 1960 ಮತ್ತು 70ರ ದಶಕಗಳಲ್ಲಿ ಅಮೆರಿಕ, ಯುರೋಪುಗಳಲ್ಲಿ ಡಬಲ್‌ನಿಟ್, ಅಂದರೆ ಎರಡು ಪದರವಾಗಿ ದಪ್ಪಗೆ ಹೆಣೆದ ಪಾಲಿಯೆಸ್ಟರ್ ಉಡುಪು ಎಲ್ಲೆಲ್ಲೂ ಇತ್ತು. ಅಲ್ಲಿನ ಎಷ್ಟೋ ಮನೆಗಳಲ್ಲಿ ಆ ಕಾಲದ ಪಾಲಿಯೆಸ್ಟರ್ ಕೌದಿಗಳು ಇಂದಿಗೂ ಬಣ್ಣ ಮಾಸದೆ ಉಳಿದಿವೆ. ಸಾಯುವ ಬಟ್ಟೆಯಲ್ಲ ಅದು. ಇಸ್ತ್ರಿ ಕೂರುವುದಿಲ್ಲ, ಬೆವರು ಹೀರುವುದಿಲ್ಲ, ಹೆಚ್ಚು ಕಾಯಿಸಿದರೆ ಕರಗುತ್ತದೆ ಎಂಬುದು ಅದರ ತೊಡಕು. ಹತ್ತಿಯ ಜೊತೆ ಒಂದೇ ಕೌದಿಯಲ್ಲಿ ಬೆರೆಸಿದರೆ ಹತ್ತಿ ಬೇಗ ಸವೆದು ಅದು ಹಾಗೇ ಉಳಿಯುತ್ತದೆ. ಬೇಕಿದ್ದರೆ ಇಡೀ ಕೌದಿಯನ್ನೇ ಅದರಲ್ಲಿ ಮಾಡಿ. ನಿತ್ಯ ಹೊದೆಯಲು ನಾನು ಹತ್ತಿಯನ್ನೇ ಆರಿಸುತ್ತೇನೆ.

ಅಂಗಡಿಯಲ್ಲಿ ಎಲ್ಲಿ ಹುಡುಕಬೇಕು? ನನ್ನ ಮಟ್ಟಿಗೆ ಮೊದಲ ಜಾಗ ದೊಡ್ಡ ಅಳತೆಯ ಗಂಡಸರ ಹತ್ತಿ ಅಂಗಿಗಳ ಸಾಲು. ಅಷ್ಟು ಒಳ್ಳೆಯ ನೇಯ್ಗೆ, ಅಷ್ಟು ಸಮವಾದ ದಪ್ಪ, ಪಟ್ಟೆ ಮತ್ತು ಚೌಕಳಿಗಳ ಅಷ್ಟು ವೈವಿಧ್ಯ ಬೇರೆಲ್ಲೂ ಸಿಗುವುದಿಲ್ಲ. ಆಮೇಲೆ ಚಾದರಗಳು. ಕೌದಿಯ ಹಿಂಬದಿಗೆ ಜೋಡಣೆಯೇ ಇಲ್ಲದ ಒಂದೇ ಅಗಲದ ಬಟ್ಟೆ ಬೇಕಾದಾಗ ದೊಡ್ಡ ಚಾದರದಷ್ಟು ಅನುಕೂಲ ಯಾವುದೂ ಇಲ್ಲ. ಆದರೆ ಕೈಹೊಲಿಗೆ ಮಾಡುವವರು ತೀರಾ ಒತ್ತು ನೇಯ್ಗೆಯ ಚಾದರವನ್ನು ಬಿಡಿ. ಸೂಜಿ ಒಳಗಿಳಿಯುವಾಗ ಪ್ರತಿಸಲ ತಡೆಯುತ್ತದೆ, ಅರ್ಧ ತಾಸಿಗೆ ಬೆರಳು ನೋಯುತ್ತದೆ. ಅಂಗಡಿಯಲ್ಲೇ ಸೂಜಿಯೊಂದನ್ನು ಒಳಮಡಿಕೆಯಲ್ಲಿ ಚುಚ್ಚಿ ನೋಡಿದರೆ ತಿಳಿಯುತ್ತದೆ. ಮೇಜುಹಾಸು, ದಿಂಬಿನ ಚೀಲ, ಉದ್ದ ಲಂಗ ಇವೂ ಒಳ್ಳೆಯವು. ಅಗಲವಾದ ನೆರಿಗೆ ಲಂಗವೊಂದನ್ನು ಬಿಚ್ಚಿದರೆ ಎಷ್ಟು ಬಟ್ಟೆ ಸಿಗುತ್ತದೆಂದು ಬಿಚ್ಚಿದವರಿಗೇ ಗೊತ್ತು.

ಹಳೆಯ ಅಂಗಡಿಗಳಲ್ಲಿ ಕೆಲವೊಮ್ಮೆ ಯಾರೋ ಹೊಲಿಯಲೆಂದು ಕೊಂಡು ಹೊಲಿಯದೇ ಬಿಟ್ಟ ಥಾನಿನ ತುಂಡುಗಳು ಸಿಗುತ್ತವೆ. ಅಂಚಿನಿಂದ ಅಂಚಿಗೆ ಅಳೆದು ನೋಡಿ. ಅಮೆರಿಕದ ಮುದ್ರಿತ ಹತ್ತಿಬಟ್ಟೆ ಸುಮಾರು 1960ರ ದಶಕದವರೆಗೂ ಬಹುಮಟ್ಟಿಗೆ 36 ಅಂಗುಲ ಅಗಲದಲ್ಲಿ ಬರುತ್ತಿತ್ತು, ಆಮೇಲೆ 44-45 ಅಂಗುಲ ವಾಡಿಕೆಯಾಯಿತು. ಹಾಗಾಗಿ ಅಂಥ ಬಟ್ಟೆಯ ವಯಸ್ಸನ್ನು ಅಗಲವೇ ಹೇಳುತ್ತದೆ.

ತುಂಬ ಹಳೆಯ ಬಟ್ಟೆಯಲ್ಲಿ ಎರಡನ್ನು ಎಷ್ಟೇ ಇಷ್ಟವಾದರೂ ಅನುಮಾನದಿಂದ ನೋಡಬೇಕು. ಮೊದಲನೆಯದು ಹತ್ತೊಂಬತ್ತನೇ ಶತಮಾನದ ಕೊನೆಯ ಮತ್ತು ಇಪ್ಪತ್ತರ ಆರಂಭದ ರೇಷ್ಮೆ. ಆಗ ರೇಷ್ಮೆಗೆ ತೂಕ ಬರಲೆಂದು ತವರದ ಲವಣಗಳನ್ನು ಸೇರಿಸುತ್ತಿದ್ದರು. ಆ ಲವಣ ಕಾಲಕ್ರಮೇಣ ನಾರನ್ನು ತಿಂದು, ಬಟ್ಟೆ ಗೆರೆಗೆರೆಯಾಗಿ ಸೀಳುತ್ತದೆ. ಆ ಕಾಲದ ಕ್ರೇಜಿ ಕ್ವಿಲ್ಟ್‌ಗಳನ್ನು, ಅಂದರೆ ಅಡ್ಡಾದಿಡ್ಡಿ ಆಕಾರದ ಚೂರುಗಳನ್ನು ಜೋಡಿಸಿ ಕಸೂತಿ ಹಾಕಿದ ಕೌದಿಗಳನ್ನು, ಸಂಗ್ರಹಾಲಯಗಳಲ್ಲಿ ನೋಡಿ. ಕಸೂತಿ ಹಾಗೇ ನಿಂತಿರುತ್ತದೆ, ಅಡಿಯ ರೇಷ್ಮೆ ಚಿಂದಿಯಾಗಿರುತ್ತದೆ. ಎರಡನೆಯದು ಗಾಢ ಕಂದು ಮತ್ತು ಕಪ್ಪು ಮುದ್ರಣದ ಹಳೆಯ ಹತ್ತಿಬಟ್ಟೆ. ಆ ಬಣ್ಣ ಕೂರಿಸಲು ಬಳಸಿದ ಕಬ್ಬಿಣದ ಲವಣವೇ ಹತ್ತಿಯನ್ನು ಕೊಳೆಸುತ್ತದೆ. ಹೂವಿನ ಕೆಂಪು ಎಸಳು ಗಟ್ಟಿಯಾಗಿದ್ದು, ಕಂದು ಗೆರೆ ಇದ್ದ ಕಡೆ ಮಾತ್ರ ತೂತು ಬಿದ್ದಿರುವುದನ್ನು ನೀವು ಕಾಣಬಹುದು.

ವಾಸನೆಯ ವಿಷಯಕ್ಕೆ ಬರುತ್ತೇನೆ, ಎಲ್ಲ ಕಡೆಯೂ ಮೊದಲು ಕೇಳುವ ಪ್ರಶ್ನೆ ಅದೇ. ಮುಗ್ಗಲು ವಾಸನೆ ತೊಳೆದರೆ ಹೋಗುತ್ತದೆ. ಕಪ್ಪು ಚುಕ್ಕೆಗಳಾಗಿ ಕೂತ ಬೂಷ್ಟು ಹೋಗುವುದಿಲ್ಲ, ಹೋದಂತೆ ಕಂಡರೂ ಅಲ್ಲಿ ನಾರು ಸೋತಿರುತ್ತದೆ. ಚುಕ್ಕೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ನುಸಿಗುಳಿಗೆಯ ವಾಸನೆ ನೀರಿಗಿಂತ ಗಾಳಿಗೆ ಹೆಚ್ಚು ಬಗ್ಗುತ್ತದೆ. ಗಾಳಿಯಾಡುವಲ್ಲಿ ಹಲವು ದಿನ ನೇತುಹಾಕಿ, ಆಮೇಲೆ ಒಗೆಯಿರಿ. ಬಟ್ಟೆ ಮೃದುವಾಗಲೆಂದು ಹಾಕುವ ಸುಗಂಧದ ದ್ರವ ಎಳೆಗಳ ಮೇಲೆ ಪದರವಾಗಿ ಕೂತಿರುತ್ತದೆ. ವಾಷಿಂಗ್ ಸೋಡಾ ಸೇರಿಸಿದ ಬಿಸಿನೀರಲ್ಲಿ ಎರಡು ಮೂರು ಸಲ ಒಗೆದರೆ ಬಿಡುತ್ತದೆ. ಬಿಡಿಸದೇ ಹೋದರೆ ಮುಂದೆ ಫ್ಯೂಸಿಂಗ್, ಅಂದರೆ ಇಸ್ತ್ರಿಯ ಶಾಖಕ್ಕೆ ಅಂಟುವ ಒಳಪದರ, ಅಂಟಿಸುವಾಗ ಸರಿಯಾಗಿ ಹಿಡಿಯುವುದಿಲ್ಲ.

ಹುಳಗಳ ಬಗ್ಗೆ ಹೆದರಬೇಡಿ, ಅಸಡ್ಡೆಯೂ ಬೇಡ. ಬಟ್ಟೆ ತಿನ್ನುವ ನುಸಿಗೆ ಬೇಕಾದದ್ದು ಉಣ್ಣೆ, ರೇಷ್ಮೆ, ತುಪ್ಪಳ. ಶುದ್ಧ ಹತ್ತಿ ಅದಕ್ಕೆ ಆಹಾರವಲ್ಲ. ತಿಗಣೆ ಮಾತ್ರ ಯಾವ ಬಟ್ಟೆಯ ಮಡಿಕೆಯಲ್ಲೂ ಅಡಗಿ ಬರಬಹುದು. ತಂದ ಬಟ್ಟೆಯನ್ನು ಹೊಲಿಗೆಯ ಕೋಣೆಗೆ ನೇರ ಒಯ್ಯಬೇಡಿ. ಬಿಗಿಯಾಗಿ ಕಟ್ಟಿದ ಚೀಲದಿಂದಲೇ ತೊಳೆಯುವ ಯಂತ್ರಕ್ಕೆ ಹಾಕಿ, 60 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಗೆಯಿರಿ. ಆ ಶಾಖಕ್ಕೆ ಮೊಟ್ಟೆಯೂ ಉಳಿಯುವುದಿಲ್ಲ. ಬಿಸಿನೀರು ತಡೆಯದ ಬಟ್ಟೆಯಾದರೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಕನಿಷ್ಠ ನಾಲ್ಕು ದಿನ ಇಡಿ. ಹತ್ತಿಗೆ ಈ 60 ಡಿಗ್ರಿಯ ತೊಳೆತದಿಂದ ಇನ್ನೊಂದು ಲಾಭವೂ ಇದೆ. ನೀವು ಕೌದಿಗೆ ಮುಂದೆ ಕೊಡುವ ಯಾವ ತೊಳೆತವೂ ಇದಕ್ಕಿಂತ ಕಠಿಣವಾಗಿರುವುದಿಲ್ಲ. ಇದರಿಂದ ಸಲೀಸಾಗಿ ಹೊರಬಂದ ಬಟ್ಟೆ ಕೌದಿಯಲ್ಲಿ ನಿಲ್ಲುತ್ತದೆ.

ಇನ್ನು ಅಂಗಿಯನ್ನು ಬಿಚ್ಚೋಣ. ಇದು ನನಗೆ ತುಂಬ ಇಷ್ಟದ ಕೆಲಸ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಗುಂಡಿಗಳು. ಎಲ್ಲವನ್ನೂ ಬಿಚ್ಚಿ, ಒಂದೇ ದಾರಕ್ಕೆ ಪೋಣಿಸಿ ಇಡಿ. ಒಂದೇ ಬಗೆಯ ಎಂಟು ಹತ್ತು ಗುಂಡಿ ಒಟ್ಟಿಗೆ ಸಿಗುವುದು ಅಪರೂಪ. ಆಮೇಲೆ ಹೊಲಿಗೆ ಬಿಚ್ಚುವ ಆಸೆಯನ್ನು ಬಿಡಿ. ಅಂಗಿಯ ಪಕ್ಕದ ಹೊಲಿಗೆಗಳು ಮಡಿಸಿ ಎರಡು ಸಾಲು ಹೊಲಿದವು, ಅವನ್ನು ಬಿಚ್ಚುತ್ತಾ ಕೂತರೆ ಒಂದು ಸಂಜೆ ಹೋಗುತ್ತದೆ, ಸಿಗುವುದು ಅರ್ಧ ಅಂಗುಲ ಬಟ್ಟೆ. ಹೊಲಿಗೆಯ ಪಕ್ಕದಲ್ಲೇ ಕತ್ತರಿ ಓಡಿಸಿ. ತೋಳನ್ನು ಕಂಕುಳ ಸುತ್ತ ಕತ್ತರಿಸಿ ತೆಗೆಯಿರಿ. ಕಫ್ ಬೇರೆ ಮಾಡಿ, ತೋಳಿನ ಉದ್ದದ ಹೊಲಿಗೆಯನ್ನು ಕತ್ತರಿಸಿ ಬಿಡಿಸಿ. ಅದು ಮೇಲೆ ಅಗಲ, ಕೆಳಗೆ ಕಿರಿದಾದ ಒಂದು ಹಾಳೆಯಾಗುತ್ತದೆ. ಪಕ್ಕದ ಹೊಲಿಗೆಗಳ ಗುಂಟ ಕತ್ತರಿಸಿದರೆ ಬೆನ್ನು ಮತ್ತು ಎರಡು ಮುಂಭಾಗ ಬೇರೆಯಾಗುತ್ತವೆ. ಭುಜದ ಮೇಲಿನ ಪಟ್ಟಿ ಬಹುತೇಕ ಅಂಗಿಗಳಲ್ಲಿ ಎರಡು ಪದರ, ಒಳಪದರ ಎಂದೂ ಬಿಸಿಲು ಕಾಣದ್ದು. ಈಗ ಹಾಸಿ ನೋಡಿ. ದೊಡ್ಡ ಅಳತೆಯ ಅಂಗಿಯ ಬೆನ್ನೊಂದರಲ್ಲೇ ಐದಂಗುಲದ ಚೌಕಗಳನ್ನು ಸಾಲುಸಾಲಾಗಿ ತೆಗೆಯುವಷ್ಟು ಜಾಗವಿದೆ. ತೋಳುಗಳಲ್ಲಿ ಮೊಣಕೈ ಜಾಗ ಬಿಟ್ಟು ಸಣ್ಣ ತುಂಡುಗಳನ್ನು ತೆಗೆಯಬಹುದು. ಮುಂಭಾಗಗಳಲ್ಲಿ ಉದ್ದ ಪಟ್ಟಿ. ಕಿಸೆಯನ್ನು ಬಿಚ್ಚಿದರೆ ಅದರಡಿ ಮಾಸದ ಬಣ್ಣದ ಚೌಕ ಇರುತ್ತದೆ. ಅದನ್ನು ಎಸೆಯಬೇಡಿ, ಅಂಗಿ ಮೊದಲು ಯಾವ ಬಣ್ಣದಲ್ಲಿತ್ತೆಂದು ತೋರಿಸುವ ಜಾಗ ಅದೊಂದೇ.

ಕತ್ತರಿಸುವ ಮುನ್ನ ನೂಲಿನ ದಿಕ್ಕು ಹಿಡಿಯಿರಿ. ಹೊಸ ಬಟ್ಟೆಯಲ್ಲಿ ಅಂಚು ದಿಕ್ಕು ತೋರಿಸುತ್ತದೆ, ಬಿಚ್ಚಿದ ಅಂಗಿಗೆ ಅಂಚೇ ಇಲ್ಲ. ಒಂದು ಎಳೆಯನ್ನು ಹೊರಗೆಳೆಯಿರಿ, ಅದು ಬಿಟ್ಟ ಸಣ್ಣ ಕಾಲುವೆಯ ಗುಂಟ ಮೊದಲ ಕತ್ತರಿ ಹೋಗಲಿ. ಹಾಸಿನ ದಿಕ್ಕಿಗೆ ಬಟ್ಟೆ ಹೆಚ್ಚು ಹಿಗ್ಗದು, ಹೊಕ್ಕಿನ ದಿಕ್ಕಿಗೆ ತುಸು ಹಿಗ್ಗುತ್ತದೆ, ಟೈಲರುಗಳು ಕ್ರಾಸ್ ಎನ್ನುವ ಓರೆಗೆ ಧಾರಾಳ ಹಿಗ್ಗುತ್ತದೆ. ಓರೆಯಂಚಿನ ತುಂಡುಗಳು ಕೌದಿಯ ಹೊರಸಾಲಿಗೆ ಬಂದರೆ ಇಡೀ ಕೌದಿ ಅಲೆಅಲೆಯಾಗುತ್ತದೆ. ಅಂಥವನ್ನು ಒಳಗೆ ಹಾಕಿ, ಹೊರಸಾಲಿಗೆ ನೇರ ದಿಕ್ಕಿನವನ್ನು ಇಡಿ. ಮೆತ್ತಗಾದ ಹಳೆ ಹತ್ತಿಗೆ ಕತ್ತರಿಸುವ ಮುನ್ನ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕಾಗದದಷ್ಟು ನೆಟ್ಟಗೆ ನಿಲ್ಲುತ್ತದೆ, ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಕಾಲಂಗುಲದ ಮಾರ್ಜಿನ್ ತಪ್ಪುವುದಿಲ್ಲ. ಆದರೆ ಎಳೆಗಳು ಬೇಗ ಬಿಚ್ಚುವ ಸಡಿಲ ನೇಯ್ಗೆಗೆ ಕಾಲಂಗುಲ ಸಾಲದು, ಅದಕ್ಕೆ ಮೂರು ಎಂಟಾಂಶ ಅಂಗುಲ ಬಿಡಿ.

ಬಣ್ಣಗಳ ಹೊಂದಾಣಿಕೆಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ತಿಳಿ ಮತ್ತು ಗಾಢದ ವ್ಯತ್ಯಾಸ ಸರಿಯಾಗಿದ್ದರೆ ಎಂಥ ಬಣ್ಣಗಳೂ ಒಟ್ಟಿಗೆ ಕೂರುತ್ತವೆ. ತುಂಡುಗಳನ್ನು ಹರವಿ ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆಯಿರಿ. ಎಲ್ಲವೂ ಒಂದೇ ಬೂದು ಎನಿಸಿದರೆ ಗಾಢವಾದದ್ದು ಇನ್ನೂ ಬೇಕು. ಕೆಂಪು, ಕಡುನೀಲಿ, ಕಪ್ಪುಗಳನ್ನು ಎಷ್ಟೇ ತೊಳೆದಿದ್ದರೂ ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿಯಿಂದ ಒತ್ತಿ ನೋಡಿ. ಬಿಳಿಗೆ ಕಲೆಯಾದರೆ ಇನ್ನೂ ಬಣ್ಣ ಬಿಡುತ್ತಿದೆ ಎಂದರ್ಥ.

ಈ ಕೆಲಸಕ್ಕೆ ದೊಡ್ಡ ಪರಂಪರೆ ಇದೆ. ಅದರಲ್ಲಿ ಇಬ್ಬರ ಹೆಸರನ್ನು ನಾನು ಹೇಳಲೇಬೇಕು.

ಅಮೆರಿಕದ ಅಲಬಾಮಾ ನದಿಯ ತಿರುವಿನಲ್ಲಿರುವ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ತಲೆಮಾರುಗಳಿಂದ ದುಡಿಮೆಯ ಬಟ್ಟೆಗಳಲ್ಲಿ ಕೌದಿ ಹೊಲಿದವರು. ಅವರಲ್ಲೊಬ್ಬರು ಮಿಸೌರಿ ಪೆಟ್‌ವೇ. 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಆತನ ದುಡಿಮೆಯ ಉಡುಪುಗಳನ್ನು ಬಿಚ್ಚಿ ಅವರು ಒಂದು ಕೌದಿ ಮಾಡಿದರು. ಆತನನ್ನು ನೆನೆಯಲು, ಆ ನೆನಪನ್ನು ಹೊದೆಯಲು. ಅಗಲ ಪಟ್ಟಿಗಳು, ಮಾಸಿದ ನೀಲಿ, ಬೂದು, ಕಂದು. ಊರಿನ ಇಂಥ ಕೌದಿಗಳಲ್ಲಿ ಕಿಸೆ ಇದ್ದ ಕಡೆಯ ಗಾಢ ಚೌಕ, ಮೊಣಕಾಲಿನ ಮಾಸಿದ ವೃತ್ತ ಹಾಗೆ ಹಾಗೇ ಉಳಿದಿರುತ್ತವೆ, ಚಿತ್ತಾರದ ಕೆಲಸವನ್ನು ಅವೇ ಮಾಡುತ್ತವೆ. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಅನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಜೀಸ್ ಬೆಂಡ್ ಕೌದಿಗಳ ಪ್ರದರ್ಶನ ನಡೆದಾಗ ಜಗತ್ತು ಅವನ್ನು ಚಿತ್ರಕಲೆಯ ಎತ್ತರದಲ್ಲಿ ನೋಡಿತು. 2006ರಲ್ಲಿ ಅಂಚೆಚೀಟಿಗಳೂ ಬಂದವು. ಮಾಸಿದ್ದು ಮತ್ತು ಸವೆದದ್ದು ಬೇರೆ ಬೇರೆ ಎಂಬುದನ್ನು ನನಗೆ ಕಲಿಸಿದ್ದು ಈ ಕೌದಿಗಳ ಚಿತ್ರಗಳು. ಮಾಸಿದ ದಪ್ಪ ಡೆನಿಮ್ ಬೆಳಕಿಗೆ ಹಿಡಿದರೆ ಇನ್ನೂ ಗಟ್ಟಿಯಾಗಿಯೇ ಇರಬಹುದು. ಬಣ್ಣ ಹೋಯಿತೆಂದು ಅದನ್ನು ಬಿಡಬಾರದು.

ಇನ್ನೊಬ್ಬರು ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ ಬದುಕಿದ ಎಫಿ ಮೇ ಹವರ್ಡ್. 1936ರಲ್ಲಿ ಅರ್ಕಾನ್ಸಾದಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಅವರು ತಮ್ಮ ಖಾಸಗಿ ಬದುಕನ್ನು ಕಾಪಾಡಿಕೊಳ್ಳಲು ರೋಸಿ ಲೀ ಟಾಂಪ್ಕಿನ್ಸ್ ಎಂಬ ಹೆಸರಿನಲ್ಲಿ ಪ್ರದರ್ಶಿಸಿದರು. ಹಳೆ ಸಾಮಾನಿನ ಸಂತೆ, ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಂದ ಬಂದ ಮಖಮಲ್ಲು, ಪಾಲಿಯೆಸ್ಟರ್ ನಿಟ್, ಮುದ್ರಿತ ಟೀಶರ್ಟ್, ಯಾರೋ ಕಸೂತಿ ಹಾಕಿದ ಕರವಸ್ತ್ರ, ಎಲ್ಲವೂ ಅವರಲ್ಲಿ ಒಂದೇ ಕೌದಿಗೆ ಬರುತ್ತಿದ್ದವು. ಚೌಕಗಳು ಸೊಟ್ಟಗಿರುತ್ತಿದ್ದವು, ಅಂಚುಗಳು ನೇರ ಇರುತ್ತಿರಲಿಲ್ಲ. 2020ರಲ್ಲಿ ಬರ್ಕ್ಲಿ ಕಲಾ ಸಂಗ್ರಹಾಲಯ ಅವರ ಕೆಲಸದ ದೊಡ್ಡ ಪ್ರದರ್ಶನ ನಡೆಸಿತು. ಇದುವರೆಗೆ ನಾನು ಹೇಳಿದ ನಿಯಮಗಳಲ್ಲಿ ಅರ್ಧವನ್ನು ಆಕೆ ಮುರಿದರು. ಗೋಡೆಗೆ ತೂಗುಹಾಕುವ ಕೌದಿಗೆ ಆ ಸ್ವಾತಂತ್ರ್ಯ ಪೂರ್ತಿ ಇದೆ. ನಿತ್ಯ ಹೊದ್ದು ಒಗೆಯುವ ಕೌದಿಗೆ ನನ್ನ ಎಚ್ಚರಿಕೆಗಳು ಬೇಕು. ನೀವು ಯಾವುದನ್ನು ಮಾಡುತ್ತಿದ್ದೀರಿ ಎಂದು ಬಟ್ಟೆ ಕೊಳ್ಳುವ ಮೊದಲೇ ತೀರ್ಮಾನಿಸಿ.

ಒಂದು ಮಾತನ್ನು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಅಂಗಡಿಯಲ್ಲಿ ಸಿಕ್ಕಿತೆಂದು ಎಲ್ಲಕ್ಕೂ ಕತ್ತರಿ ಹಾಕಬಾರದು. ಮೇಜಿನ ಮೇಲಿರುವ ಈ ಮೂರನೇ ಅಂಗಿ ನಾನು ಬಳಸದ ಎರಡನೆಯದು. ಇದರಲ್ಲಿ ದೋಷವೇನೂ ಇಲ್ಲ. ದಪ್ಪ ಫ್ಲಾನೆಲ್, ಗುಂಡಿಗಳೆಲ್ಲ ಇವೆ, ಎಲ್ಲೂ ಸವೆದಿಲ್ಲ, ಚಳಿಗೆ ಬೆಚ್ಚಗಿರುತ್ತದೆ. ಇದನ್ನು ತೊಡಲೆಂದೇ ಹುಡುಕಿಕೊಂಡು ಬರುವವರು ಆ ಅಂಗಡಿಗೆ ಇದ್ದಾರೆ. ಅವರ ಮೈಮೇಲೆ ಹೋಗಬೇಕಾದದ್ದನ್ನು ನಾವು ಐದಂಗುಲದ ಚೌಕ ಮಾಡಬಾರದು. ಮಕ್ಕಳ ಚಳಿಬಟ್ಟೆ, ದೊಡ್ಡ ಅಳತೆಯ ಒಳ್ಳೆಯ ಉಡುಪು ಇವೂ ಹಾಗೆಯೇ. ಇದನ್ನು ನಾಳೆ ಅಂಗಡಿಗೆ ವಾಪಸು ಕೊಡುತ್ತೇನೆ. ಕಾಲರ್ ಹರಿದದ್ದು, ಕಿಸೆಯಲ್ಲಿ ಶಾಯಿ ಚೆಲ್ಲಿದ್ದು, ಜಿಪ್ ಕಿತ್ತದ್ದು, ತೊಡಲು ಬಾರದೆ ಮೂಲೆಗೆ ಬಿದ್ದದ್ದು ನಮ್ಮದು. ಯಾರೋ ಕೈಯಾರೆ ಮಾಡಿದ ಕಸೂತಿ, ಲೇಸು, ಅರ್ಧಕ್ಕೆ ನಿಂತ ಕೌದಿಯ ತುಂಡುಗಳು ಸಿಕ್ಕರೆ ಇಡಿಯಾಗಿ ಬಳಸುವ ದಾರಿ ಹುಡುಕಿ. ಅರ್ಧಕ್ಕೆ ನಿಂತ ಕೌದಿಯನ್ನು ಮುಗಿಸುವುದಕ್ಕಿಂತ ಒಳ್ಳೆಯ ಕೆಲಸ ನಮಗೆ ಇನ್ನೊಂದಿಲ್ಲ.

ಪ್ರಶ್ನೆಗಳಿಗೆ ಬರೋಣ.

ಟೀಶರ್ಟ್ ಬಳಸಬಹುದೇ ಎಂದು ಇವರು ಕೇಳುತ್ತಿದ್ದಾರೆ. ಬಳಸಬಹುದು. ಅದು ನೇಯ್ದದ್ದಲ್ಲ, ಹೆಣೆದದ್ದು, ಎಲ್ಲ ದಿಕ್ಕಿಗೂ ಹಿಗ್ಗುತ್ತದೆ. ಹಿಂದೆ ತೆಳು ಫ್ಯೂಸಿಂಗ್ ಅಂಟಿಸಿ ಆಮೇಲೆ ಅಳತೆಗೆ ಕತ್ತರಿಸಿ. ಮೊದಲು ಕತ್ತರಿಸಿ ಆಮೇಲೆ ಅಂಟಿಸಿದರೆ ಅಳತೆ ಕೆಡುತ್ತದೆ. ಮೊಂಡುಮೊನೆಯ ಬಾಲ್‌ಪಾಯಿಂಟ್ ಸೂಜಿ ಹಾಕಿ, ಅದು ಎಳೆಯನ್ನು ಕಡಿಯದೆ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಮುದ್ರಿಸಿದ ಚಿತ್ರದ ಮೇಲೆ ನೇರ ಇಸ್ತ್ರಿ ಇಡಬೇಡಿ.

ಡೆನಿಮನ್ನೂ ಅಂಗಿ ಬಟ್ಟೆಯನ್ನೂ ಒಟ್ಟಿಗೆ ಹೊಲಿಯಬಹುದೇ? ಅಲ್ಲೊಂದು ಇಲ್ಲೊಂದು ಬೇಡ. ದಪ್ಪ ಬಟ್ಟೆ ತೆಳುವನ್ನು ಹೊಲಿಗೆಯ ಅಂಚಿನಲ್ಲಿ ಉಜ್ಜಿ ಸವೆಸುತ್ತದೆ. ಡೆನಿಮಿನದೇ ಪೂರ್ತಿ ಕೌದಿ ಮಾಡಿ, 100ನೇ ನಂಬರಿನ ದಪ್ಪ ಸೂಜಿ ಬಳಸಿ, ಮಾರ್ಜಿನ್ನುಗಳನ್ನು ಒಂದೇ ಕಡೆ ಮಡಿಸದೆ ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ. ನಡುವೆ ಹತ್ತಿಪದರ ಇಲ್ಲದಿದ್ದರೂ ನಡೆಯುತ್ತದೆ, ಅಷ್ಟು ಭಾರ ಅದರದೇ ಇರುತ್ತದೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ: ಇಷ್ಟೆಲ್ಲ ನೋಡಿಯೂ ಒಂದು ತುಂಡು ಸೋತರೆ? ಸೋಲುತ್ತದೆ, ಯಾವುದಾದರೂ ಒಂದು ಸೋತೇ ಸೋಲುತ್ತದೆ. ಅದಕ್ಕೇ ಪ್ರತಿ ಅಂಗಿಯಿಂದ ಒಂದೊಂದು ತುಂಡನ್ನು ಎತ್ತಿಟ್ಟುಕೊಳ್ಳಿ. ಸೋತ ತುಂಡನ್ನು ಬಿಚ್ಚಬೇಡಿ. ಅದಕ್ಕಿಂತ ಸುತ್ತ ಕಾಲಂಗುಲ ದೊಡ್ಡದಾದ ತೇಪೆ ಕತ್ತರಿಸಿ, ಅಂಚನ್ನು ಒಳಮಡಿಸಿ, ಹಳೆ ತುಂಡಿನ ಹೊಲಿಗೆಯ ಗೆರೆಗೇ ಸರಿಯಾಗಿ ಕೂರಿಸಿ ಕೈಯಿಂದ ಹೊಲಿಯಿರಿ. ಎತ್ತಿಟ್ಟ ತುಂಡುಗಳನ್ನು ಕೌದಿಯ ಜೊತೆಗೇ ಒಗೆಯುತ್ತಾ ಬನ್ನಿ. ಚಿಕ್ಕದೊಂದು ಚೀಲಕ್ಕೆ ಹಾಕಿ ಯಂತ್ರದೊಳಗೆ ಬಿಟ್ಟರಾಯಿತು. ತೇಪೆ ಹಾಕುವ ಹೊತ್ತಿಗೆ ಅವೂ ಕೌದಿಯಷ್ಟೇ ಮಾಸಿರುತ್ತವೆ.